ಎಳೆಯ ಗಿಡದ ಬಾಯಾರಿಕೆ

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವು ಗಣರಾಜ್ಯೋತ್ಸವದ ವೇಳೆಗೊಮ್ಮೆ, ಸ್ವಾತಂತ್ರ್ಯ ದಿನದ ವೇಳೆಗೊಮ್ಮೆ ನಡೆಯುತ್ತದೆ. ಹೂವನ್ನು ನೋಡಲೆಂದು ಹೋದ ಸಂಸಾರವು ಹಿಂದಿರುಗುವಾಗ ಒಂದು ಹಣ್ಣಿನ ಗಿಡವನ್ನು ಮಗುವಿನಂತೆ ಎತ್ತಿಕೊಂಡು ಬರುವುದು ಬೆಂಗಳೂರಿನಲ್ಲಿ ಅಪರೂಪದ ದೃಶ್ಯವೇನಲ್ಲ. ಮನೆಗೆ ಬಂದು ಸೇರುವುದರೊಳಗೆ ಎಲ್ಲರ ಮನಸ್ಸಿನಲ್ಲಿಯೂ ಆ ಗಿಡ ಮರವಾಗಿರುತ್ತದೆ. ಮಕ್ಕಳು ಹಣ್ಣುಗಳನ್ನು ಹಂಚಿಕೊಂಡು ಜಗಳವಾಡಿ ಮುಗಿಸಿರುತ್ತಾರೆ. ಮನೆಯೊಡತಿ ಉಪ್ಪಿನಕಾಯಿಯ ಜಾಡಿಗಳನ್ನು ಎಣಿಸಿರುತ್ತಾಳೆ. ಯಜಮಾನರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಪತ್ರಿಕೆ ಓದುತ್ತಿರುತ್ತಾರೆ.

ವರ್ಷ ಕಳೆದ ಮೇಲೆ ಅದೇ ಹಿತ್ತಲಿಗೆ ಹೋಗಿ ನೋಡಿದರೆ ಅಲ್ಲಿ ಒಂದು ಒಣ ಕಡ್ಡಿ ಮಾತ್ರ ನಿಂತಿರುವುದುಂಟು. ಗಿಡ ಮಾರಿದವನು ಮೋಸ ಮಾಡಿದನೆಂದು ಒಬ್ಬರು, ನೆಟ್ಟವರ ಕೈಗುಣ ಸರಿಯಿಲ್ಲವೆಂದು ಮತ್ತೊಬ್ಬರು, ಪಕ್ಕದ ಮನೆಯವರ ದೃಷ್ಟಿ ತಾಗಿತೆಂದು ಇನ್ನೊಬ್ಬರು ಹೇಳುತ್ತಾರೆ. ನಿಜವಾದ ಕಾರಣ ಬಹುಮಟ್ಟಿಗೆ ಇವು ಯಾವುವೂ ಅಲ್ಲ. ಹಿತ್ತಲಿನ ಎಳೆಯ ಗಿಡಗಳಲ್ಲಿ ಹೆಚ್ಚಿನವು ಸಾಯುವುದು ನೀರಿನಿಂದ. ನೀರಿಲ್ಲದೆ ಕೆಲವು, ನೀರು ಹೆಚ್ಚಾಗಿ ಕೆಲವು, ನೀರು ಬೀಳಬೇಕಾದ ಕಡೆ ಬೀಳದೆ ಮತ್ತೆ ಕೆಲವು.

ಬೆಟ್ಟದ ಮೇಲಿನ ಮರಕ್ಕೆ ನೀರೆರೆದವರು ಯಾರು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಬೆಟ್ಟದ ಮರ ಬೀಜ ಬಿದ್ದ ಜಾಗದಲ್ಲಿಯೇ ಮೊಳೆತದ್ದು. ಅದರ ತಾಯಿಬೇರು ಎಲೆ ಬಿಡುವುದಕ್ಕೆ ಮೊದಲೇ ತೇವವನ್ನು ಅರಸುತ್ತ ಆಳಕ್ಕೆ ಇಳಿದಿರುತ್ತದೆ. ಹೀಗೆ ಉಳಿದ ಒಂದು ಮರಕ್ಕೆ ಸತ್ತ ಸಾವಿರ ಸಸಿಗಳಿದ್ದುವೆಂಬುದನ್ನು ಯಾರೂ ಲೆಕ್ಕವಿಡುವುದಿಲ್ಲ. ನಾವು ಕೊಂಡು ತರುವ ಕಸಿಯ ಗಿಡವಾದರೋ ಒಂದು ಗೇಣಿನ ಚೀಲದಲ್ಲಿ ದಿನದಿನವೂ ನೀರು ಕುಡಿದು ಬೆಳೆದದ್ದು. ಅದರ ಬೇರು ಚೀಲದ ಗೋಡೆಯನ್ನು ಮುಟ್ಟಿ ಸುತ್ತಿಕೊಂಡಿರುತ್ತದೆ. ನೆಲದಲ್ಲಿ ನೆಟ್ಟ ಮೇಲೆಯೂ ಮೊದಲ ಕೆಲವು ತಿಂಗಳು ಅದರ ಪಾಲಿಗೆ ಲೋಕವೆಂದರೆ ಆ ಒಂದು ಗೇಣಿನ ಮಣ್ಣೇ. ಸುತ್ತಲಿನ ನೆಲ ಎಷ್ಟೇ ತೇವವಾಗಿರಲಿ, ಆ ಗೇಣಿನ ಮಣ್ಣು ಒಣಗಿತೆಂದರೆ ಗಿಡ ಸೊರಗುತ್ತದೆ.

ಒಂದು ಮನೆಯ ಬೇಸಿಗೆ

ದಕ್ಷಿಣ ಬೆಂಗಳೂರಿನ ಒಂದು ಹಳೆಯ ಮನೆಯ ಸಂಗತಿ. 2023ರ ಆಗಸ್ಟಿನಲ್ಲಿ ಆ ಮನೆಯ ಹಿತ್ತಲಿನಲ್ಲಿ ಮೂರು ಗಿಡಗಳು ನೆಲ ಸೇರಿದುವು: ಒಂದು ರಸಪುರಿ ಮಾವಿನ ಕಸಿ, ಒಂದು ನಿಂಬೆ, ಒಂದು ಸೀಬೆ. ಮಾವಿನ ಗಿಡ ಅಜ್ಜಿಯ ಆಯ್ಕೆ. ಯಜಮಾನರ ತಂದೆಯವರು ಬದುಕಿದ್ದಷ್ಟು ಕಾಲವೂ ಮೇ ತಿಂಗಳಲ್ಲಿ ರಸಪುರಿಯಲ್ಲದೆ ಬೇರೆ ಹಣ್ಣನ್ನು ಮನೆಯೊಳಕ್ಕೆ ಬಿಟ್ಟವರಲ್ಲ.

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಸರಕಾರ ಸಾರಿತು. 2024ರ ಫೆಬ್ರವರಿಯಲ್ಲಿ ಬೀದಿಯ ಕೊಳವೆಬಾವಿ ಬತ್ತಿತು. ಮನೆಗೆ ಟ್ಯಾಂಕರಿನ ನೀರೇ ಗತಿಯಾಯಿತು. ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಲಿಯು ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನೂ ವಾಹನ ತೊಳೆಯುವುದನ್ನೂ ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವೆಂದು ಗೊತ್ತುಮಾಡಿತು. ನೂರು ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ಯಂತ್ರಗಳು ಹಗಲಿರುಳು ಎತ್ತಿ ತರುವ ಕಾವೇರಿಯ ನೀರು ಅದು. ಆ ನಿಷೇಧವನ್ನು ಅನ್ಯಾಯವೆನ್ನುವ ಹಾಗಿರಲಿಲ್ಲ.

ಯಜಮಾನರು ಮನೆಯಲ್ಲಿ ತಲೆಗೆ ಒಂದು ಬಕೀಟು ನೀರೆಂದು ನಿಯಮ ಮಾಡಿದರು. ಹಿತ್ತಲಿನ ಕಡೆ ನೋಡಿ, “ಈ ಗಿಡಗಳ ಆಸೆಯನ್ನು ಈ ವರ್ಷ ಬಿಡೋಣ. ಹೋದರೆ ಹೋಗಲಿ, ಮಳೆ ಬಂದ ಮೇಲೆ ಬೇರೆ ತಂದರಾಯಿತು” ಎಂದರು.

“ತರಬಹುದಪ್ಪ” ಎಂದರು ಅಜ್ಜಿ. “ಹಣ್ಣಿಗೆ ನಾಲ್ಕು ವರ್ಷ ಬೇಕಂತೆ. ಇದಕ್ಕೆ ಅರ್ಧ ವರ್ಷ ಆಗಲೇ ಕಳೆದಿದೆ.”

ಅಷ್ಟಕ್ಕೆ ಆ ಮಾತು ನಿಂತಿತು. ಆದರೆ ಗಿಡಗಳು ಒಣಗಲಿಲ್ಲ. ಹದಿನೈದು ದಿನ ಕಳೆದ ಮೇಲೆ ಸೊಸೆಗೆ ಕಾರಣ ತಿಳಿಯಿತು. ಸಂಜೆ ಕತ್ತಲಾಗುವ ಹೊತ್ತಿಗೆ ಅಜ್ಜಿ ಬಚ್ಚಲಿನಿಂದ ಮೂರು ಚೆಂಬು ನೀರನ್ನು ಒಂದೊಂದಾಗಿ ಹಿತ್ತಲಿಗೆ ಒಯ್ಯುತ್ತಿದ್ದರು.

“ಅತ್ತೆ, ಸ್ನಾನದ ನೀರನ್ನು ಉಳಿಸಿ ಗಿಡಕ್ಕೆ ಹಾಕುತ್ತಿದ್ದೀರಾ? ಈ ಬಿಸಿಲಿನಲ್ಲಿ ಅರ್ಧ ಬಕೀಟಿನಲ್ಲಿ ಸ್ನಾನವೇ?”

“ನನ್ನ ಪಾಲಿನ ನೀರು ತಾನೆ, ಅಮ್ಮ. ನಿಮ್ಮ ಪಾಲನ್ನು ಮುಟ್ಟಿಲ್ಲ.”

ಸೊಸೆಗೆ ಏನು ಹೇಳಬೇಕೆಂದು ತೋಚಲಿಲ್ಲ. ಇಷ್ಟು ಮಾಡಿಯೂ ಮಾವಿನ ಎಲೆಯ ತುದಿ ಸುಡತೊಡಗಿತ್ತು. ನಿಂಬೆಯ ಎಲೆ ಬೆಳಿಗ್ಗೆಯೇ ಮುದುಡಿಕೊಂಡಿರುತ್ತಿತ್ತು. ಆ ಭಾನುವಾರ ಸೊಸೆಯ ಅಣ್ಣನ ಮಗ ಬಂದ. ತೋಟಗಾರಿಕೆಯನ್ನು ಓದಿದ ಹುಡುಗ. ಅವನು ಗಿಡವನ್ನು ನೋಡುವುದಕ್ಕೆ ಮೊದಲು ಕೈಗುದ್ದಲಿಯನ್ನು ಕೇಳಿದ.

ಮೇಲೆ ಹಸಿ, ಕೆಳಗೆ ಧೂಳು

ಬುಡದಿಂದ ಒಂದು ಗೇಣು ಆಚೆಗೆ ಅವನು ಮೆಲ್ಲಗೆ ಅಗೆದು ತೋರಿಸಿದ. ಮೇಲಿನ ಒಂದು ಅಂಗುಲ ಮಣ್ಣು ಹಿಂದಿನ ಸಂಜೆಯ ನೀರಿನಿಂದ ಕಪ್ಪಾಗಿತ್ತು. ಅದರ ಕೆಳಗೆ ನಾಲ್ಕು ಅಂಗುಲದಲ್ಲಿ ಮಣ್ಣು ಧೂಳಿನಂತೆ ಉದುರಿತು. ಅಜ್ಜಿ ಹದಿನೈದು ದಿನ ತಪ್ಪದೆ ಎರೆದ ನೀರಿನಲ್ಲಿ ಹೆಚ್ಚಿನ ಪಾಲು ಬೇರಿಗೆ ತಲುಪಿಯೇ ಇರಲಿಲ್ಲ. ಬಿಸಿಲು ಅದನ್ನು ಕುಡಿದಿತ್ತು. ತಲುಪಿದ ಅಲ್ಪ ನೀರೂ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತಿತ್ತು. ಏಕೆಂದರೆ ನೀರು ಎಲ್ಲಿ ಸಿಕ್ಕುತ್ತದೆಯೋ ಅಲ್ಲಿಗೆ ಬೇರು ಬರುತ್ತದೆ. ಮೇಲಿನ ಅಂಗುಲದಲ್ಲಿ ಮಾತ್ರ ನೀರು ಸಿಕ್ಕಿದರೆ ಎಳೆಯ ಬೇರುಗಳು ಮೇಲಕ್ಕೇ ತಿರುಗಿ, ಮರುದಿನದ ಬಿಸಿಲಿಗೆ ಬೆಂದು ಹೋಗುತ್ತವೆ.

ಹುಡುಗ ಲೆಕ್ಕವನ್ನು ಬಿಡಿಸಿ ಹೇಳಿದ. ಚೆಂಬಿಗೆ ಒಂದೂವರೆ ಲೀಟರು. ಎರಡು ಅಡಿ ಅಗಲದ ಪಾತಿಯಲ್ಲಿ ಅದು ನಿಲ್ಲುವುದು 5 ಮಿಲಿಮೀಟರು. ಒಂದು ಚಿಕ್ಕ ತುಂತುರು ಮಳೆಗೆ ಸಮ. ಅದೇ ಚೆಂಬನ್ನು ಐದು ದಿನ ಕೂಡಿಟ್ಟರೆ ಏಳೂವರೆ ಲೀಟರು, ಅಂದರೆ ಅರ್ಧ ಬಕೀಟು. ಅದನ್ನು ಒಂದೇ ಸಂಜೆ ಅದೇ ಪಾತಿಗೆ ಹಾಕಿದರೆ ಸುಮಾರು 25 ಮಿಲಿಮೀಟರು, ಒಂದು ಅಂಗುಲದ ಒಳ್ಳೆಯ ಮಳೆ. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಒಂದು ಗೇಣಿನ ಆಳಕ್ಕೆ ಇಳಿಯುತ್ತದೆ. ಬೇರು ಇರುವುದೂ ಅಲ್ಲಿಯೇ.

“ನೀರು ಹೆಚ್ಚು ಬೇಡ, ಅಜ್ಜಿ. ನೀವು ಹಾಕುತ್ತಿರುವಷ್ಟೇ ಸಾಕು. ಹಾಕುವ ದಿನವನ್ನು ಮಾತ್ರ ಬದಲಾಯಿಸಿ” ಎಂದ.

ಎಳೆಯ ಗಿಡಕ್ಕೆ ನೀರೆರೆಯುವ ವಿದ್ಯೆಯ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲಿದೆ. ದಿನವೂ ಸ್ವಲ್ಪಸ್ವಲ್ಪ ಹಾಕುವುದಕ್ಕಿಂತ, ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ಹಾಕುವುದು ಮೇಲು. ಹಾಕುವಾಗಲೂ ಒಂದೇ ಸಲ ಸುರಿಯಬಾರದು. ಒಣಗಿದ ಮಣ್ಣು ಮೊದಲ ನೀರನ್ನು ಬೇಗ ಹೀರುವುದಿಲ್ಲ; ಅರ್ಧ ಹಾಕಿ, ಅದು ಇಂಗಿದ ಮೇಲೆ ಉಳಿದ ಅರ್ಧವನ್ನು ಹಾಕಬೇಕು.

ಇನ್ನೊಂದು ಕೆಲಸವನ್ನೂ ಅವನು ಮಾಡಿದ. ಮೂಲೆಯಲ್ಲಿ ಗುಡಿಸಿ ರಾಶಿ ಹಾಕಿದ್ದ ತರಗೆಲೆಯನ್ನೂ ಹಳೆಯ ತೆಂಗಿನ ಸಿಪ್ಪೆಯನ್ನೂ ಪಾತಿಯ ಮೇಲೆ ನಾಲ್ಕು ಅಂಗುಲ ದಪ್ಪಕ್ಕೆ ಹರಡಿದ. ಕಾಂಡದ ಸುತ್ತ ಮಾತ್ರ ಅಂಗೈಯಷ್ಟು ಜಾಗವನ್ನು ಬರಿದಾಗಿ ಬಿಟ್ಟ; ಅಲ್ಲಿ ಒದ್ದೆಯ ಕಸ ಅಂಟಿಕೊಂಡಿದ್ದರೆ ತೊಗಟೆ ಕೊಳೆಯುತ್ತದೆ. ಈ ಹೊದಿಕೆ ನೆಲಕ್ಕೆ ಕೊಡೆ ಹಿಡಿದಂತೆ. ಬಿಸಿಲು ಮಣ್ಣನ್ನು ಮುಟ್ಟುವುದಿಲ್ಲ, ಗಾಳಿ ತೇವವನ್ನು ಒಯ್ಯುವುದಿಲ್ಲ, ಕಸವೇ ಕ್ರಮವಾಗಿ ಗೊಬ್ಬರವೂ ಆಗುತ್ತದೆ. ತರಗೆಲೆಯನ್ನು ಗುಡಿಸಿ ಬೀದಿಯಲ್ಲಿ ಸುಡುವ ಮನೆಯವರು ತಮ್ಮ ಗಿಡದ ಅರ್ಧ ನೀರನ್ನು ಅದರೊಡನೆ ಸುಡುತ್ತಾರೆಂದರೆ ಹೆಚ್ಚು ತಪ್ಪಾಗದು.

ಅಡಿಗೆಮನೆಯ ನೀರು

ಆ ಏಳೂವರೆ ಲೀಟರನ್ನಾದರೂ ಅಜ್ಜಿಯ ಸ್ನಾನದಿಂದ ಏಕೆ ಕಡಿಯಬೇಕು ಎಂದು ಸೊಸೆ ಅಡಿಗೆಮನೆಯಲ್ಲಿ ಒಂದು ಖಾಲಿ ಬಕೀಟನ್ನು ಇಟ್ಟಳು. ಅಕ್ಕಿ ಬೇಳೆ ತೊಳೆದ ನೀರು, ಸೊಪ್ಪು ತರಕಾರಿ ತೊಳೆದ ನೀರು, ಮಗನು ಶಾಲೆಯಿಂದ ಹಿಂದಕ್ಕೆ ತಂದ ಬಾಟಲಿಯ ನೀರು ಎಲ್ಲವೂ ಅದರಲ್ಲಿ ಬಿದ್ದುವು. ಮೂರು ಗಿಡಗಳಿಗೆ ದಿನಕ್ಕೆ ಬೇಕಾದದ್ದು ನಾಲ್ಕೂವರೆ ಲೀಟರು. ಮಧ್ಯಾಹ್ನದ ಅಡಿಗೆ ಮುಗಿಯುವುದರೊಳಗೆ ಅಷ್ಟು ನೀರು ಕೂಡಿತು. ಒಂದು ದಿನ ಮಾವಿಗೆ, ಒಂದು ದಿನ ನಿಂಬೆಗೆ, ಒಂದು ದಿನ ಸೀಬೆಗೆ ಎಂದು ಸರದಿಯಾಯಿತು. ಅಜ್ಜಿಯ ಬಕೀಟು ಮತ್ತೆ ಪೂರ್ಣವಾಯಿತು.

ಇಂತಹ ನೀರಿನಲ್ಲಿ ವಿವೇಚನೆ ಅವಶ್ಯ. ಹಿಂದೆ ಬಚ್ಚಲಿನ ಹೊರಗೆ ಬಾಳೆಯನ್ನೂ ಕೆಸುವನ್ನೂ ಬೆಳೆಸುತ್ತಿದ್ದರು. ಆಗ ಬಚ್ಚಲಿನಿಂದ ಹೊರಬರುತ್ತಿದ್ದುದು ಸೀಗೆಯ ನೀರು, ಕಡಲೆಹಿಟ್ಟಿನ ನೀರು. ಇಂದಿನ ಬಟ್ಟೆ ತೊಳೆಯುವ ಪುಡಿಯಲ್ಲಿ ಸೋಡಿಯಂ ಲವಣಗಳಿರುತ್ತವೆ. ಅವು ಮಣ್ಣಿನಲ್ಲಿ ಸೇರುತ್ತ ಹೋದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ, ಎಲೆಯ ಅಂಚು ಸುಡುತ್ತದೆ. ಆದುದರಿಂದ ಬಟ್ಟೆಯ ನೀರಿನಲ್ಲಿ ಕೊನೆಯ ಜಾಲಾಡಿದ ನೀರನ್ನು ಮಾತ್ರ, ಅದನ್ನೂ ಬಾಳೆ ತೆಂಗಿನಂತಹ ಬೆಳೆದ ಗಿಡಗಳಿಗೆ, ಆಗಾಗ ಬಳಸಬಹುದು. ಕುಡಿಯುವ ನೀರನ್ನು ಶುದ್ಧಿಮಾಡುವ ಯಂತ್ರ ಹೊರಕ್ಕೆ ಬಿಡುವ ನೀರಿನಲ್ಲಿಯೂ ಉಪ್ಪಿನ ಅಂಶ ಹೆಚ್ಚು. ಸಪೋಟ, ತೆಂಗು ಅದನ್ನು ತಾಳಿಕೊಂಡಾವು. ಮಾವು ಮತ್ತು ನಿಂಬೆಯ ಜಾತಿಯವು ತಾಳವು. ಎಳೆಯ ಮಾವಿಗೆ ಅದನ್ನು ಹಾಕದಿರುವುದೇ ಲೇಸು.

ಮಡಕೆಯ ಉಪಾಯವೂ ಉಂಟು. ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕದಲ್ಲಿ ಕಂಠದವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ಸುತ್ತಲಿನ ಮಣ್ಣು ಒಣಗಿದಂತೆಲ್ಲ ನೀರು ತಾನೇ ಒಸರುತ್ತದೆ. ಮಣ್ಣು ತೇವವಾಗಿದ್ದರೆ ಒಸರುವುದು ಕಡಿಮೆಯಾಗುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಕೃಷಿಗ್ರಂಥವೊಂದರಲ್ಲಿ ಈ ಕ್ರಮದ ವಿವರಣೆಯಿದೆ. ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಊರಿಗೆ ಹೋಗುವ ಮನೆಯವರಿಗೆ ಇದಕ್ಕಿಂತ ನಂಬಿಕೆಯ ಆಳು ಸಿಕ್ಕುವುದು ಕಷ್ಟ. ಒಂದೇ ಎಚ್ಚರಿಕೆ: ಬಾಯನ್ನು ಬಿಗಿಯಾಗಿ ಮುಚ್ಚದಿದ್ದರೆ ಸೊಳ್ಳೆ ಸಂಸಾರ ಹೂಡುತ್ತದೆ.

ಋತುವಿಗೆ ತಕ್ಕ ನೀರು

ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದ ಚಾವುಂಡರಾಯನು ಲೋಕೋಪಕಾರದಲ್ಲಿ ಈ ವಿಷಯವನ್ನು ಹೇಳಿದ್ದಾನೆ. ನೆಟ್ಟ ಗಿಡಗಳಿಗೆ ವರಾಹಮಿಹಿರನು ವಿಧಿಸುವ ನಿಯಮ ಮೂರು ತುಂಡಿನದು: ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ. ಮೊದಲಿನ ಎರಡು ಹೊಸದಾಗಿ ನೆಟ್ಟ ಗಿಡಗಳ ಮಾತು. ಮಣ್ಣನ್ನೂ ಹೊದಿಕೆಯನ್ನೂ ನೋಡಿ ಅವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಮೂರನೆಯದು ಮಾತ್ರ ಎಂದಿಗೂ ಹಳೆಯದಾಗದ ವಿವೇಕ. ಮಳೆಗಾಲವೆಂದು ನೀರೆರೆಯುವುದನ್ನು ಮರೆಯಬಾರದು. ಪಂಚಾಂಗವನ್ನಲ್ಲ, ನೆಲವನ್ನು ನೋಡಬೇಕು.

ನೆಲವನ್ನು ನೋಡುವುದೆಂದರೆ ಹೇಗೆ? ಬೆರಳನ್ನೋ ಕಡ್ಡಿಯನ್ನೋ ಮಣ್ಣಿನೊಳಕ್ಕೆ ಇಳಿಸಬೇಕು. ನಾಲ್ಕು ಅಂಗುಲದ ಆಳದಿಂದ ಒಂದು ಹಿಡಿ ಮಣ್ಣನ್ನು ತೆಗೆದು ಹಿಸುಕಿದಾಗ ಉಂಡೆಯಾಗಿ ನಿಂತರೆ ನೀರು ಬೇಡ, ಉದುರಿಹೋದರೆ ಬೇಕು. ಮಧ್ಯಾಹ್ನ ಎಲೆ ಜೋತುಬಿದ್ದಿರುವುದನ್ನು ಕಂಡು ಹೆದರಬೇಕಾದುದಿಲ್ಲ. ಬಿಸಿಲಿಗೆ ಗಿಡವೂ ತಲೆ ತಗ್ಗಿಸುತ್ತದೆ. ಬೆಳಿಗ್ಗೆ ಎದ್ದಾಗಲೂ ಎಲೆ ಜೋತಿದ್ದರೆ ಆಗ ಮಣ್ಣನ್ನು ಪರೀಕ್ಷಿಸಬೇಕು.

ಬೆಂಗಳೂರು ಮೈಸೂರುಗಳ ಕೆಮ್ಮಣ್ಣಿನಲ್ಲಿ, ಹೊದಿಕೆಯಿರುವ ಗಿಡಕ್ಕೆ, ಸ್ಥೂಲವಾಗಿ ಹೀಗೆ ಲೆಕ್ಕವಿಟ್ಟುಕೊಳ್ಳಬಹುದು. ನೆಟ್ಟ ಮೊದಲ ತಿಂಗಳು, ಮಳೆಯಿಲ್ಲದಿದ್ದರೆ, ಎರಡು ಮೂರು ದಿನಕ್ಕೊಮ್ಮೆ ಬುಡದ ಹತ್ತಿರವೇ ನಾಲ್ಕೈದು ಲೀಟರು. ಮೊದಲ ವರ್ಷ ಎರಡು ಅಡಿಯ ಪಾತಿಗೆ ಅರ್ಧ ಬಕೀಟು. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಎಂಟು ಹತ್ತು ದಿನಕ್ಕೊಮ್ಮೆ. ಎರಡನೆಯ ವರ್ಷ ಪಾತಿಯನ್ನು ಒಂದು ಮೀಟರಿಗೆ ಅಗಲಿಸಿ 20 ಲೀಟರು. ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ಮೂರನೆಯ ವರ್ಷ ಒಂದೂವರೆ ಮೀಟರಿನ ಪಾತಿಗೆ ಮೂರು ಬಕೀಟು, ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ. ಗಿಡ ಬೆಳೆದಂತೆ ನೀರು ಹೆಚ್ಚುತ್ತದೆ, ಅಂತರವೂ ಹೆಚ್ಚುತ್ತದೆ. ಧಾರವಾಡ ಹುಬ್ಬಳ್ಳಿಗಳ ಎರೆಮಣ್ಣು ನೀರನ್ನು ಹೆಚ್ಚು ಕಾಲ ಹಿಡಿದಿಡುವುದರಿಂದ ಅಲ್ಲಿ ಅಂತರ ಇನ್ನೂ ಹೆಚ್ಚಾಗಬೇಕು. ಆದರೆ ಆ ಮಣ್ಣು ಒಣಗಿ ಬಿರುಕುಬಿಡುವುದಕ್ಕೆ ಮೊದಲೇ ನೀರು ಕಾಣಬೇಕು. ಬಿರುಕಿನಲ್ಲಿ ಎಳೆಯ ಬೇರು ಹರಿದುಹೋಗುತ್ತದೆ.

ಪಾತಿಯನ್ನು ವರ್ಷವರ್ಷವೂ ಏಕೆ ಅಗಲಿಸಬೇಕು? ನೀರನ್ನೂ ಸಾರವನ್ನೂ ಹೀರುವ ನವಿರಾದ ಬೇರುಗಳು ಕಾಂಡದ ಹತ್ತಿರ ಇರುವುದಿಲ್ಲ. ಕೊಂಬೆಗಳ ತುದಿಯಿಂದ ಮಳೆಯ ಹನಿ ತೊಟ್ಟಿಕ್ಕುವ ಗೆರೆಯ ಸುತ್ತ ಅವು ಹರಡಿರುತ್ತವೆ. ಐದು ವರ್ಷದ ಮರಕ್ಕೂ ಬುಡದಲ್ಲಿಯೇ ನೀರು ಸುರಿಯುವುದು, ಬಡಿಸಿದ ಎಲೆ ಒಂದು ಕಡೆ ಇರುವಾಗ ಊಟಕ್ಕೆ ಕೂತವನನ್ನು ಇನ್ನೊಂದು ಕಡೆ ಕೂರಿಸಿದಂತೆ.

ಇನ್ನು ಗಿಡ ನೆಡುವ ಕಾಲ. ಜನವರಿಯಲ್ಲಿ ತಂದು ನೆಟ್ಟ ಗಿಡ ಬೇರು ಬಿಡುವುದಕ್ಕೆ ಮೊದಲೇ ನಾಲ್ಕು ತಿಂಗಳ ಬಿಸಿಲನ್ನು ಎದುರಿಸಬೇಕು. ಆಗಸ್ಟಿನಲ್ಲಿ ನೆಟ್ಟದ್ದಕ್ಕೆ ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್ ಅಕ್ಟೋಬರುಗಳು ಮುಂದಿವೆ. ಗಣರಾಜ್ಯೋತ್ಸವದ ಪ್ರದರ್ಶನದಲ್ಲಿ ಗಿಡವನ್ನು ಕೊಂಡವರು ಅದನ್ನು ದೊಡ್ಡ ಕುಂಡದಲ್ಲಿಯೇ ನೆರಳಿನಲ್ಲಿ ಸಾಕಿ, ಜೂನಿನಲ್ಲಿ ನೆಲಕ್ಕೆ ಇಳಿಸಿದರೆ ಬಹಳ ನೀರು ಉಳಿಯುತ್ತದೆ.

ಮಳೆ ಕೊಂದ ಗಿಡ

2024ರ ಏಪ್ರಿಲ್ ತಿಂಗಳು ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಹನಿಯಿಲ್ಲದೆ ಕಳೆಯಿತು; ತಿಂಗಳ ಕೊನೆಯಲ್ಲಿ ಬಿಸಿಲು 38 ಡಿಗ್ರಿಯನ್ನು ದಾಟಿತು. ಅಜ್ಜಿಯ ಮೂರು ಗಿಡಗಳೂ ಅದನ್ನು ದಾಟಿಕೊಂಡುವು. ಮೇ ತಿಂಗಳಲ್ಲಿ ಮಳೆ ಬಂದಾಗ ಮನೆಯವರೆಲ್ಲ ಹಿತ್ತಲಿನಲ್ಲಿ ನಿಂತು ನೆನೆದರು. ಇನ್ನು ಚಿಂತೆಯಿಲ್ಲವೆಂದು ಬಕೀಟನ್ನು ಒಳಗಿಟ್ಟರು.

ಜೂನ್ 2ರಂದು ಒಂದೇ ದಿನ ನಗರದಲ್ಲಿ 111 ಮಿಲಿಮೀಟರು ಮಳೆ ಸುರಿಯಿತು. ನಿಂಬೆಯನ್ನು ನೆಟ್ಟದ್ದು ತಗ್ಗಿನ ಮೂಲೆಯಲ್ಲಿ. ಮಹಡಿಯ ನೀರಿನ ಕೊಳವೆ ಬೀಳುವುದೂ ಅಲ್ಲಿಯೇ. ಬೇಸಿಗೆಯಲ್ಲಿ ನೀರು ನಿಲ್ಲಲೆಂದು ಎತ್ತರಿಸಿದ್ದ ಪಾತಿಯ ಅಂಚು ಈಗ ಕೆರೆಯ ಏರಿಯಾಯಿತು. ಮಳೆ ಮುಂದುವರಿದ ದಿನಗಳಲ್ಲಿ ಅಲ್ಲಿ ನೀರು ಇಂಗಲೇ ಇಲ್ಲ. ವಾರ ಕಳೆಯುವುದರೊಳಗೆ ಎಲೆ ಹಳದಿಗೆ ತಿರುಗಿ ಜೋತುಬಿದ್ದುವು. ಎಲೆ ಜೋತಿದ್ದನ್ನು ಕಂಡ ಮೊಮ್ಮಗ, ಬಾಯಾರಿಕೆಯೆಂದು ತಿಳಿದು, ಎರಡು ಚೆಂಬು ನೀರನ್ನು ಬೇರೆ ಹಾಕಿದ. ಬುಡದ ತೊಗಟೆಯಿಂದ ಅಂಟು ಒಸರಿತು. ಜುಲೈ ಕೊನೆಗೆ ನಿಂಬೆ ಹೋಯಿತು.

ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯಿರುತ್ತದೆ. ನೀರು ನಿಂತರೆ ಗಾಳಿ ಹೊರಟುಹೋಗಿ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದ್ದರಿಂದ, ನೀರಿನ ನಡುವೆ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ. ಅಜ್ಞಾನದಿಂದ ಇನ್ನಷ್ಟು ನೀರು ಬಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಆದುದರಿಂದ ಮಳೆಗಾಲದಲ್ಲಿ ನೀರೆರೆಯುವ ಕೆಲಸವು ನೀರು ತೆಗೆಯುವ ಕೆಲಸವಾಗುತ್ತದೆ. ಜೂನ್ ಮೊದಲಿಗೇ ಪಾತಿಯ ಏರಿಯನ್ನು ಒಂದು ಕಡೆ ಒಡೆದು ಕಾಲುವೆ ಬಿಡಬೇಕು. ಬುಡಕ್ಕೆ ಮಣ್ಣೇರಿಸಿ ಇಳಿಜಾರು ಮಾಡಬೇಕು, ಆದರೆ ಕಸಿಯ ಗಂಟು ಹೂತುಹೋಗದಂತೆ ನೋಡಿಕೊಳ್ಳಬೇಕು. ನಿಂಬೆಗೆ ಎಲ್ಲ ಕಾಲದಲ್ಲಿಯೂ ಎರಡು ಬಳೆಯಂತಹ ಪಾತಿ ಹಿತ: ಒಳಬಳೆಯಲ್ಲಿ ದಿಣ್ಣೆ, ಹೊರಬಳೆಯಲ್ಲಿ ನೀರು. ಕಾಂಡಕ್ಕೆ ನೀರು ತಾಗಬಾರದು. ಪಪ್ಪಾಯಿಯಂತೂ ಇನ್ನೂ ನಾಜೂಕು. ಬುಡದಲ್ಲಿ ಎರಡು ದಿನ ನೀರು ನಿಂತರೆ ಅದು ಉಳಿಯುವುದು ಕಷ್ಟ. ಹಲಸು ಕೂಡ ನಿಂತ ನೀರಿಗೆ ಆಗದು. ಸೀಬೆ ಮಾತ್ರ ಬಡವರ ಮನೆಯ ಮಗುವಿನಂತೆ ಎರಡನ್ನೂ ಒಂದಿಷ್ಟು ಸಹಿಸುತ್ತದೆ.

ಮಳೆ ಎಷ್ಟು ಬಂತೆಂಬುದನ್ನು ಶಬ್ದದಿಂದ ಅಳೆಯಬಾರದು. ನೇರವಾದ ಗೋಡೆಯ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಅದರಲ್ಲಿ ಒಂದು ಅಂಗುಲ ನಿಂತರೆ ಒಂದು ಸಲದ ನೀರು ಬಿಟ್ಟಹಾಗೆ ಎಂದು ತಿಳಿಯಬೇಕು. ಗುಡುಗಿ ಅಬ್ಬರಿಸಿ ಕಾಲು ಅಂಗುಲವೂ ಬೀಳದ ಮಳೆಗಳು ಬೇಕಾದಷ್ಟಿವೆ.

ಹುಡುಗ ಇನ್ನೊಂದು ಲೆಕ್ಕವನ್ನೂ ಹೇಳಿದ್ದ. ನೂರು ಚದರ ಮೀಟರಿನ ಮಹಡಿಯ ಮೇಲೆ ಜೂನ್ 2ರ ಆ ಒಂದು ದಿನ ಬಿದ್ದ ನೀರು ಸುಮಾರು 11,000 ಲೀಟರು. ಎಲ್ಲವೂ ಮೋರಿಗೆ ಹರಿಯಿತು. ಫೆಬ್ರವರಿಯಿಂದ ಮೇ ಕೊನೆಯವರೆಗಿನ 120 ದಿನಗಳಲ್ಲಿ ಒಂದು ವರ್ಷದ ಗಿಡಕ್ಕೆ ಬೇಕಾಗುವುದು ಐದು ದಿನಕ್ಕೆ ಏಳೂವರೆಯಂತೆ 180 ಲೀಟರು. ಒಂದು ಗಿಡದ ಇಡೀ ಬೇಸಿಗೆ 200 ಲೀಟರಿನ ಒಂದು ಪೀಪಾಯಿಯಲ್ಲಿ ಅಡಗಿತ್ತು! ಅಕ್ಟೋಬರಿನ ಮಳೆಯಲ್ಲಿ ಎರಡು ಪೀಪಾಯಿಗಳು ಕೊಳವೆಯ ಕೆಳಗೆ ಬಂದುವು. ತುಂಬಿದ ಮೇಲೆ ಅವುಗಳ ಬಾಯಿಗೆ ಬಟ್ಟೆ ಬಿಗಿದು ಮುಚ್ಚಳ ಹಾಕಿದರು. ಅದೇ ತಿಂಗಳ 16ರಂದು ಕಾವೇರಿ ಐದನೆಯ ಹಂತದ ಯೋಜನೆ ಆರಂಭವಾಗಿ ನಗರಕ್ಕೆ ನೀರು ಹೆಚ್ಚಾಯಿತು. ಆದರೂ ಆ ಮನೆಯ ಅಡಿಗೆಮನೆಯ ಬಕೀಟು ತನ್ನ ಜಾಗವನ್ನು ಬಿಡಲಿಲ್ಲ.

ಹೂವು ಬಂದಾಗ

ಮಾವಿಗೆ ಹೂ ಬಿಡುವ ಮುನ್ನ ಎರಡು ಮೂರು ತಿಂಗಳು ನೀರನ್ನು ನಿಲ್ಲಿಸಬೇಕೆಂಬ ಮಾತನ್ನು ಅನೇಕರು ಕೇಳಿರುತ್ತಾರೆ. ಅದು ಫಲ ಕೊಡುವ ವಯಸ್ಸಿಗೆ ಬಂದ ಮರದ ಮಾತು. ಆ ಹೊತ್ತಿನಲ್ಲಿ ನೀರು ಸಿಕ್ಕಿದರೆ ಮರ ಹೂವನ್ನು ಬಿಟ್ಟು ಚಿಗುರುತ್ತದೆ. ಕಾಯಿ ಬಟಾಣಿಯ ಗಾತ್ರವಾದ ಮೇಲೆ ಮತ್ತೆ ನೀರು ಕೊಡಬೇಕು. ಆದರೆ ಎಳೆಯ ಗಿಡಕ್ಕೆ ಈ ಉಪವಾಸವನ್ನು ಹೇರಬಾರದು. ಅದು ಬೆಳೆಯಬೇಕಾದ ವಯಸ್ಸು. ದಾಳಿಂಬೆ, ನಿಂಬೆಗಳಿಗೆ ಕಾಯಿ ಹಿಡಿದಿರುವಾಗ ಒಂದು ವಾರ ಮರೆತು ಮರುವಾರ ಮುಳುಗಿಸುವುದು ಆಗದು, ಹಣ್ಣು ಒಡೆದುಹೋಗುತ್ತದೆ. ನೀರಿನ ಪ್ರಮಾಣ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಕ್ರಮ ತಪ್ಪಬಾರದು.

2025ರ ಫೆಬ್ರವರಿಯಲ್ಲಿ, ಅಜ್ಜಿಯ ಎದೆಯೆತ್ತರಕ್ಕೆ ಬಂದಿದ್ದ ರಸಪುರಿಯ ತುದಿಯಲ್ಲಿ ಎರಡು ಹೂಗೊಂಚಲುಗಳು ಕಾಣಿಸಿಕೊಂಡುವು. ಮನೆಯಲ್ಲಿ ಹಬ್ಬವಾಯಿತು. ಸೊಸೆ ಅಣ್ಣನ ಮಗನಿಗೆ ಫೋನು ಮಾಡಿದಳು. ಅವನ ಉತ್ತರ ಕೇಳಿ ಅವಳ ಮುಖ ಚಿಕ್ಕದಾಯಿತು. ಮೊದಲ ಮೂರು ವರ್ಷ ಬಂದ ಹೂವನ್ನು ಚಿವುಟಿಬಿಡಬೇಕು. ಕಾಯಿ ಹೊರಲು ಬಿಟ್ಟರೆ ಗಿಡದ ಶಕ್ತಿಯೆಲ್ಲ ಅದಕ್ಕೇ ವ್ಯಯವಾಗಿ ಬೇರೂ ಕೊಂಬೆಯೂ ಬಲಿಯುವುದಿಲ್ಲ.

ಅತ್ತೆಗೆ ಇದನ್ನು ಹೇಳುವುದು ಹೇಗೆಂದು ಅವಳು ಸಂಜೆಯವರೆಗೆ ಯೋಚಿಸಿದಳು. ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಹಿತ್ತಲಿಗೆ ಹೋಗಿ ಒಂದು ಗೊಂಚಲನ್ನು ಚಿವುಟಿದರು. ಎರಡನೆಯದರ ಹತ್ತಿರ ಕೈ ನಿಂತಿತು.

“ಅದೊಂದು ಇರಲಿ ಬಿಡಿ, ಅತ್ತೆ” ಎಂದಳು ಸೊಸೆ.

“ಬೇಡಮ್ಮ. ಒಂದು ಹಣ್ಣಿನ ಆಸೆಗೆ ಮರವನ್ನು ಕೆಡಿಸಬಾರದು” ಎಂದು ಅದನ್ನೂ ಚಿವುಟಿ, ಎರಡನ್ನೂ ತಂದು ಯಜಮಾನರ ತಂದೆಯವರ ಚಿತ್ರದ ಮುಂದಿಟ್ಟರು.

ಮರುದಿನ ಮಾವಿನ ಸರದಿ. ಪಾತಿ ಈಗ ಒಂದು ಮೀಟರಿನದು. ನೀರು 20 ಲೀಟರು. ಬಕೀಟು ಹಿಡಿದ ಮೊಮ್ಮಗ ಬುಡಕ್ಕೇ ಸುರಿಯಹೋದಾಗ ಅಜ್ಜಿ ಅವನ ಕೈ ಹಿಡಿದರು. “ಅಲ್ಲಲ್ಲ ಮಗು, ಎಲೆಯ ತುದಿ ಎಲ್ಲಿದೆ ನೋಡು, ಅದರ ಕೆಳಗೆ ಹಾಕು. ಅರ್ಧ ಈಗ, ಅರ್ಧ ಇಂಗಿದ ಮೇಲೆ.”